ಕ್ಯಾಮೆರಾದತ್ತ ನೋಡದ ಮಕ್ಕಳು

ಕೆಲವು ವಾರಗಳ ಹಿಂದೆ ನಮ್ಮ ಧರ್ಮಕೇಂದ್ರದಲ್ಲಿ ಅರವತ್ತು ದಾಟಿದ ರೈತರೊಬ್ಬರು ತೀರಿಕೊಂಡರು. ಪ್ರಾರ್ಥನೆಗೆಂದು ಮನೆಗೆ ಹೋದಾಗ ಒಳಕೋಣೆಯಲ್ಲಿ ಮಕ್ಕಳು, ಸೊಸೆಯಂದಿರು ಹಳೆಯ ಟ್ರಂಕೊಂದನ್ನು ಬಿಚ್ಚಿಕೊಂಡು ಕುಳಿತಿದ್ದರು. ಶವಪೆಟ್ಟಿಗೆಯ ಮುಂದಿಡಲು, ಏಳನೆಯ ದಿನದ ಪೂಜೆಯ ಕಾರ್ಡಿಗೆ ಹಾಕಿಸಲು ಒಂದು ಒಳ್ಳೆಯ ಭಾವಚಿತ್ರ ಬೇಕಾಗಿತ್ತು. ಬಿಸ್ಕತ್ತಿನ ಡಬ್ಬಿಯೊಂದರಿಂದ ಒಂದೊಂದಾಗಿ ಫೋಟೋಗಳು ಹೊರಬಂದವು. ಮದುವೆಯದು, ದೀಕ್ಷಾಸ್ನಾನದ್ದು, ಪ್ರಥಮ ಪರಮಪ್ರಸಾದದ್ದು, ದೋರನಹಳ್ಳಿಯ ಸಂತ ಅಂತೋಣಿಯವರ ಹಬ್ಬಕ್ಕೆ ಹೋದಾಗ ತೆಗೆಸಿದ್ದು. ಎಲ್ಲದರಲ್ಲಿಯೂ ಮಕ್ಕಳು ಕೈಗಳನ್ನು ತೊಡೆಗೆ ಅಂಟಿಸಿಕೊಂಡು, ಕಣ್ಣು ಅರಳಿಸಿಕೊಂಡು, ಉಸಿರು ಬಿಗಿಹಿಡಿದು ನಿಂತಿದ್ದರು. ಕಟ್ಟಕಡೆಗೆ ಎರಡೂಕಾಲು ಅಂಗುಲದ ಚೌಕಾಕಾರದ ಒಂದು ಕಪ್ಪು-ಬಿಳುಪಿನ ಪ್ರತಿ ಸಿಕ್ಕಿತು. ಬೆನ್ನಿಗೆ ಪೆನ್ಸಿಲಿನಲ್ಲಿ 1974 ಎಂದು ಬರೆದಿತ್ತು. ದೇವಾಲಯದ ಬಯಲಿನಲ್ಲಿ ಏಳೆಂಟು ಹುಡುಗರು ಚಿನ್ನಿದಾಂಡು ಆಡುತ್ತಿದ್ದಾರೆ. ಒಬ್ಬನೂ ಕ್ಯಾಮೆರಾದತ್ತ ನೋಡುತ್ತಿಲ್ಲ.

“ಇದರಲ್ಲಿ ಅವರೂ ಇದ್ದಾರಂತೆ ಸ್ವಾಮಿ” ಎಂದರು ತೀರಿಕೊಂಡವರ ಪತ್ನಿ. “ಯಾರು ಅಂತ ಕೇಳಿದ್ರೆ ಒಂದೊಂದು ಸಲ ಒಬ್ಬೊಬ್ಬ ಹುಡುಗನ್ನ ತೋರಿಸೋರು.”

ಅಂತಹ ದುಃಖದ ಮನೆಯಲ್ಲಿಯೂ ಎಲ್ಲರ ಮುಖದ ಮೇಲೆ ಒಂದು ನಗೆ ಸುಳಿದುಹೋಯಿತು. ಕಾರ್ಡಿಗೆ ಆ ಚಿತ್ರ ಉಪಯೋಗಕ್ಕೆ ಬರಲಿಲ್ಲ. ಆಧಾರ್ ಗುರುತಿನ ಚೀಟಿಯ ಚಿತ್ರವನ್ನೇ ದೊಡ್ಡದು ಮಾಡಿಸಿದರು. ಆದರೆ ಆ ಪುಟ್ಟ ಚೌಕವನ್ನು ನಾನು ಕೇಳಿ ತೆಗೆದುಕೊಂಡು ಬಂದೆ. ಅಂದಿನಿಂದ ಅದು ನನ್ನ ಮೇಜಿನ ಮೇಲಿದೆ. ನನ್ನ ನೆಮ್ಮದಿಯನ್ನು ಅದು ಸ್ವಲ್ಪ ಕೆಡಿಸಿದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಪ್ರಿಯ ವಾಚಕರೇ, ನಿಮ್ಮ ಮನೆಯ ಹಳೆಯ ಆಲ್ಬಮ್ಮುಗಳನ್ನೊಮ್ಮೆ ತೆರೆದು ನೋಡಿರಿ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಯಾವ ಮನೆಯಲ್ಲಿಯಾದರೂ ಸರಿಯೇ, ಇವುಗಳಿಂದ ಈಚೆಗೆ ಬೇರೆಯಾದ ಸಾಲಿಗ್ರಾಮ, ಸರಗೂರುಗಳನ್ನೂ ಸೇರಿಸಿಕೊಳ್ಳಿರಿ. ಮಕ್ಕಳು ಆಡುತ್ತಿರುವ ಚಿತ್ರವೊಂದು ಸಿಕ್ಕರೆ ನಿಮ್ಮದು ಭಾಗ್ಯವಂತ ಮನೆ. ಹೆಚ್ಚಿನ ಮನೆಗಳಲ್ಲಿ ಅದು ಇರುವುದಿಲ್ಲ. ನಮ್ಮ ಹಿರಿಯರಿಗೆ ಮಕ್ಕಳ ಮೇಲೆ ಅಕ್ಕರೆ ಇರಲಿಲ್ಲವೆಂದು ಇದರಿಂದ ತಿಳಿಯಬಾರದು. ಕಾರಣ ಬಹುಮಟ್ಟಿಗೆ ಯಂತ್ರದ್ದು, ಸ್ವಲ್ಪಮಟ್ಟಿಗೆ ನಮ್ಮ ಮನಸ್ಸಿನದು.

ಯಂತ್ರದ ವಿಷಯವನ್ನು ಮೊದಲು ನೋಡೋಣ. ಆ ಕಾಲದಲ್ಲಿ ಮಧ್ಯಮ ವರ್ಗದವರ ಕೈಗೆಟುಕುತ್ತಿದ್ದುದು ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3ರಂತಹ ಪೆಟ್ಟಿಗೆ ಕ್ಯಾಮೆರಾ. ಒಂದು ಸುರುಳಿಗೆ 12 ಚಿತ್ರಗಳು ಮಾತ್ರ. ಓಟದ ವೇಗಕ್ಕೆ ತಕ್ಕಂತೆ ಷಟರಿನ ವೇಗವನ್ನು ಬದಲಿಸುವ ಅನುಕೂಲ ಅದರಲ್ಲಿರಲಿಲ್ಲ. ಓಡುವ ಹುಡುಗ ಮಂಜಿನಂತೆ ಕಲಸಿಹೋಗುತ್ತಿದ್ದ. ಪಟ್ಟಣದ ಸ್ಟುಡಿಯೋದಲ್ಲಂತೂ ಬಣ್ಣ ಬಳಿದ ಪರದೆಯ ಮುಂದೆ ಮಗುವನ್ನು ನಿಲ್ಲಿಸಿ, “ಅಲ್ಲಾಡಬೇಡ” ಎಂದು ಗದರಿಸಿದ ಮೇಲೆಯೇ ಗುಂಡಿ ಒತ್ತುವುದು. ಹನ್ನೆರಡರಲ್ಲಿ ಒಂದನ್ನು ಚಿನ್ನಿದಾಂಡಿಗೆ ಖರ್ಚು ಮಾಡುವ ಧಾರಾಳಿ ಯಾರು? ನನ್ನ ಮೇಜಿನ ಮೇಲಿರುವ ಚಿತ್ರವನ್ನು ತೆಗೆದಾತ ಆ ಮನೆಯ ಸೋದರಮಾವನಂತೆ. ಬೆಂಗಳೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು, ರಜೆಗೆ ಊರಿಗೆ ಬಂದಾಗ ಕ್ಯಾಮೆರಾ ತಂದಿದ್ದನಂತೆ. ಆತನ ಧಾರಾಳತನಕ್ಕೆ ನಾನು ಋಣಿ. ಚಿತ್ರದಲ್ಲಿ ಚಿನ್ನಿ ಕಾಣುವುದಿಲ್ಲ. ದಾಂಡು ಬೂದುಬಣ್ಣದ ರೆಕ್ಕೆಯೊಂದರಂತೆ ಹರಡಿಕೊಂಡಿದೆ. ಎಲ್ಲರ ಕಣ್ಣುಗಳೂ ಆಕಾಶದ ಒಂದೇ ಬಿಂದುವಿನಲ್ಲಿ ನೆಟ್ಟಿರುವುದರಿಂದ ಚಿನ್ನಿ ಎಲ್ಲಿದೆ ಎಂಬುದು ನಮಗೆ ತಿಳಿಯುತ್ತದೆ.

ಇನ್ನೊಂದು ಮಾತು. ಕಪ್ಪು-ಬಿಳುಪಿನ ಪ್ರತಿಯಲ್ಲಿ ನಾವು ಕಪ್ಪೆಂದು ಕಾಣುವುದು ನಿಜವಾಗಿ ಬೆಳ್ಳಿ. ಬೆಳಕು ಬಿದ್ದ ಬೆಳ್ಳಿಯ ಲವಣ ಡೆವಲಪರಿನಲ್ಲಿ ಬೆಳ್ಳಿಯ ಸೂಕ್ಷ್ಮ ಕಣವಾಗಿ ಕಪ್ಪಾಗುತ್ತದೆ, ಬೆಳಕು ಬೀಳದ ಲವಣವನ್ನು ಹೈಪೋ ದ್ರಾವಣ ಕರಗಿಸಿ ತೆಗೆದುಬಿಡುತ್ತದೆ. ಗುಂಡ್ಲುಪೇಟೆ ದಾಟಿ ಘಟ್ಟ ಹತ್ತಿದರೆ ಸಿಗುವ ಉದಕಮಂಡಲದಲ್ಲಿ ಈ ಫಿಲ್ಮು, ಕಾಗದಗಳನ್ನು ತಯಾರಿಸುವುದಕ್ಕಾಗಿಯೇ ಕೇಂದ್ರ ಸರ್ಕಾರ 1960ರಲ್ಲಿ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಕಾರ್ಖಾನೆಯನ್ನು ಸ್ಥಾಪಿಸಿತ್ತು. ‘ಇಂದು’ ಎಂಬ ಹೆಸರಿನ ಅದರ ಪೊಟ್ಟಣಗಳನ್ನು ನಮ್ಮ ಸ್ಟುಡಿಯೋದವರು ಮರೆತಿರಲಾರರು. ಡಿಜಿಟಲ್ ಕಾಲದಲ್ಲಿ ಅದು ಮುಚ್ಚಿಹೋಯಿತು.

ಈಗ ಮನಸ್ಸಿನ ವಿಷಯ. ಇಲ್ಲಿ ನಮ್ಮ ಮೈಸೂರಿನವರೇ ಆದ ಒಬ್ಬರನ್ನು ನೆನೆಯಬೇಕು. 1923ರಲ್ಲಿ ಹುಟ್ಟಿ, 2009ರ ಡಿಸೆಂಬರಿನಲ್ಲಿ ಮೈಸೂರಿನಲ್ಲಿಯೇ ಕಣ್ಮುಚ್ಚಿದ ಟಿ. ಎಸ್. ಸತ್ಯನ್ ಅವರ ಹೆಸರನ್ನು ನಮ್ಮ ಹಿರಿಯ ವಾಚಕರು ಬಲ್ಲರು. ಕನ್ನಡದಲ್ಲಿ ‘ಕಾಲಕ್ಕೆ ಕನ್ನಡಿ’ ಎಂಬ ಆತ್ಮಕಥನವನ್ನು ಬರೆದವರು. ಪತ್ರಿಕಾ ಛಾಯಾಗ್ರಾಹಕರಾಗಿ ದೇಶವನ್ನೆಲ್ಲ ಸುತ್ತಿದವರು, 1977ರಲ್ಲಿ ಪದ್ಮಶ್ರೀ ಪಡೆದವರು. 1979ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಮಕ್ಕಳ ವರ್ಷವೆಂದು ಆಚರಿಸಿದಾಗ, ಅವರು ತೆಗೆದ ಮಕ್ಕಳ ಚಿತ್ರಗಳನ್ನು ಯುನಿಸೆಫ್ ಸಂಸ್ಥೆ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿತು. ರಾಜರನ್ನು, ಪ್ರಧಾನಿಗಳನ್ನು ಚಿತ್ರಿಸಬಲ್ಲ ಕ್ಯಾಮೆರಾ ಅವರದು. ಆದರೂ ಅವರ ಕಣ್ಣು ಮತ್ತೆ ಮತ್ತೆ ಹಿಂದಿರುಗುತ್ತಿದ್ದುದು ಬೀದಿಯ, ಶಾಲೆಯ, ಹಳ್ಳಿಯ ಮಕ್ಕಳ ಕಡೆಗೆ. ಅವರ ಕಪ್ಪು-ಬಿಳುಪಿನ ಚಿತ್ರಗಳಲ್ಲಿ ಬಡತನ ಇದೆ. ಹರಿದ ಅಂಗಿ ಇದೆ, ಬರಿಗಾಲು ಇದೆ. ಆದರೆ ಮಗುವನ್ನು ನೋಡಿದವನ ಬಾಯಿಂದ “ಅಯ್ಯೋ ಪಾಪ” ಎಂಬ ಉದ್ಗಾರ ಬರುವುದಿಲ್ಲ. ಆ ಮಗುವಿಗೆ ನಮ್ಮ ಕನಿಕರಕ್ಕಾಗಿ ಕಾಯುವಷ್ಟು ಪುರುಸೊತ್ತಿಲ್ಲ. ಅದು ತನ್ನ ಲೋಕದಲ್ಲಿ ಮುಳುಗಿದೆ.

ಚಿತ್ರವನ್ನು ನೋಡುವವರು ಎಷ್ಟು ಬೇಗನೆ ತಪ್ಪು ತಿಳಿಯುತ್ತಾರೆ ಎಂಬುದಕ್ಕೆ ಪ್ರಸಿದ್ಧವಾದ ಒಂದು ನಿದರ್ಶನವಿದೆ. ಫ್ರಾನ್ಸಿನ ಆನ್ರಿ ಕಾರ್ತಿಯೇ-ಬ್ರೆಸ್ಸೋನ್ ಎಂಬ ಛಾಯಾಗ್ರಾಹಕ ಸ್ಪೇನಿನ ಸೆವಿಲ್ ನಗರದಲ್ಲಿ ತೆಗೆದ ಚಿತ್ರವದು. ಒಡೆದ ಗೋಡೆಯ ಕಂಡಿಯೊಂದರ ಮೂಲಕ ಕಾಣುವ ಕಲ್ಲು-ಮಣ್ಣಿನ ರಾಶಿಯ ನಡುವೆ ಹುಡುಗರ ಗುಂಪೊಂದು ಗಲಾಟೆಯ ಆಟದಲ್ಲಿ ತೊಡಗಿದೆ. ಅವರಲ್ಲೊಬ್ಬ ಊರುಗೋಲಿನವನು. ನೋಡಿದವರನೇಕರು ಇದು ಸ್ಪೇನಿನ ಅಂತರ್ಯುದ್ಧದ ವಿನಾಶದ ಚಿತ್ರವೆಂದು ನಂಬಿದರು. ಚಿತ್ರ ತೆಗೆದದ್ದು 1933ರಲ್ಲಿ, ಯುದ್ಧ ಪ್ರಾರಂಭವಾದದ್ದು 1936ರಲ್ಲಿ. ಮಕ್ಕಳು ಆಟದಲ್ಲಿದ್ದರು, ನಾವು ಅವರ ಮೇಲೆ ನಮ್ಮ ಯುದ್ಧವನ್ನು ಹೊರಿಸಿದೆವು. ನನಗೆ ಈ ಚಿತ್ರದಲ್ಲಿ ಊರುಗೋಲಿನ ಹುಡುಗನೇ ಮುಖ್ಯ. ಆತನನ್ನು ಆಟದಿಂದ ಹೊರಗಿಟ್ಟಿಲ್ಲ.

ನಾನು ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಆಟದ ಬಗ್ಗೆ ಸಂತ ತೋಮಸ್ ಅಕ್ವಿನಾಸರು ಬರೆದಿದ್ದಾರೆಂದು ತಿಳಿದು ಆಶ್ಚರ್ಯಪಟ್ಟಿದ್ದೆ. ಅವರ ಮಹಾಗ್ರಂಥದ ಎರಡನೆಯ ಭಾಗದಲ್ಲಿ, ಆಟದಲ್ಲಿ ಸದ್ಗುಣ ಇರಬಹುದೇ ಎಂಬ ಪ್ರಶ್ನೆಯನ್ನೇ ಎತ್ತಿಕೊಂಡಿದ್ದಾರೆ. ಶುಭಸಂದೇಶಕಾರ ಸಂತ ಯೊವಾನ್ನರು ತಮ್ಮ ಶಿಷ್ಯರೊಡನೆ ಆಡುತ್ತಿದ್ದುದನ್ನು ಕಂಡು ಕೆಲವರು ಮುಖ ಸಿಂಡರಿಸಿದರಂತೆ. ಆಗ ಸಂತರು ಬಿಲ್ಲು ಹಿಡಿದಿದ್ದ ಒಬ್ಬನಿಗೆ ಬಾಣ ಬಿಡಲು ಹೇಳಿ, ಹೀಗೆಯೇ ಬಿಡುತ್ತ ಇರಬಲ್ಲೆಯಾ ಎಂದು ಕೇಳಿದರಂತೆ. ಬಿಲ್ಲು ಮುರಿದುಹೋಗುತ್ತದೆ ಎಂದು ಅವನು ಉತ್ತರಿಸಿದ. ಮನಸ್ಸೂ ಹಾಗೆಯೇ ಎಂದರು ಸಂತರು. ಹಳೆಯ ಈ ಕಥೆಯನ್ನು ಅಕ್ವಿನಾಸರು ಅಲ್ಲಿ ಉಪಯೋಗಿಸಿಕೊಂಡಿದ್ದಾರೆ.

ಕಥೆ ಸೊಗಸಾಗಿದೆ. ಆದರೆ ಅದು ದೊಡ್ಡವರ ಕಥೆ. ದುಡಿದು ದಣಿದವರು ವಿಶ್ರಾಂತಿಗಾಗಿ ಆಡುತ್ತಾರೆ, ಮತ್ತೆ ದುಡಿಯಲು ಆಡುತ್ತಾರೆ. ಮಗು ಯಾವ ದುಡಿಮೆಗೆ ಹಿಂದಿರುಗಲು ಆಡುತ್ತದೆ? ಇದಕ್ಕೆ ಉತ್ತರವೂ ಅಕ್ವಿನಾಸರಲ್ಲಿಯೇ ಇದೆ, ಹೆಚ್ಚು ಮಂದಿ ಓದದ ಒಂದು ಮೂಲೆಯಲ್ಲಿ. ಬೊಯೇಥಿಯುಸನ ಸಣ್ಣ ಗ್ರಂಥವೊಂದಕ್ಕೆ ಬರೆದ ವ್ಯಾಖ್ಯಾನದ ಪೀಠಿಕೆಯಲ್ಲಿ ಅವರು ಜ್ಞಾನದ ಧ್ಯಾನವನ್ನು ಆಟಕ್ಕೆ ಹೋಲಿಸುತ್ತಾರೆ. ಎರಡೂ ಆನಂದದಾಯಕ ಎಂಬುದು ಒಂದು ಕಾರಣ. ಎರಡನ್ನೂ ಬೇರೊಂದು ಪ್ರಯೋಜನಕ್ಕಾಗಿ ಮಾಡುವುದಿಲ್ಲ, ಅವುಗಳಿಗಾಗಿಯೇ ಮಾಡುತ್ತೇವೆ ಎಂಬುದು ಇನ್ನೊಂದು. ಹದಿಮೂರನೆಯ ಶತಮಾನದ ಮಹಾಪಂಡಿತನೊಬ್ಬ ತನ್ನ ಅತ್ಯುನ್ನತ ಕಾರ್ಯಕ್ಕೆ ಹೋಲಿಕೆ ಹುಡುಕಿದಾಗ ದೊರೆತದ್ದು ಆಟ! ನಮ್ಮ ಟ್ಯೂಷನ್ನಿನ ಮೇಷ್ಟರುಗಳಿಗೆ ಇದನ್ನು ಯಾರಾದರೂ ಓದಿ ಹೇಳಬೇಕು.

ಆಡುವ ಮಕ್ಕಳ ಒಳ್ಳೆಯ ಚಿತ್ರದ ಸತ್ತ್ವ ಇಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ. ಸಾಲಾಗಿ ನಿಂತ ಮಗು ನಮಗಾಗಿ ನಿಂತಿದೆ, ನಮ್ಮ ಮಗನಾಗಿ, ನಮ್ಮ ವಂಶದ ಕುಡಿಯಾಗಿ, ನಮ್ಮ ಧರ್ಮಕೇಂದ್ರದ ಲೆಕ್ಕವಾಗಿ. ಆಡುವ ಮಗು ಯಾರಿಗಾಗಿಯೂ ಅಲ್ಲ. ಬಣ್ಣವಿಲ್ಲದ ಚಿತ್ರ ಇದಕ್ಕೆ ಸಹಾಯಕ. ಯಾರ ಅಂಗಿ ಹೊಸತು, ಯಾರದು ಬಣ್ಣಗೆಟ್ಟದ್ದು ಎಂಬುದು ಅಲ್ಲಿ ಅಷ್ಟಾಗಿ ಕಾಣಿಸದು. ಮೈಯ ಬಾಗು, ಕಾಲಿನ ನೆಗೆತ, ಸಂಜೆಯ ಉದ್ದ ನೆರಳು, ಎದ್ದ ಧೂಳು ಇವು ಮಾತ್ರ ಉಳಿಯುತ್ತವೆ.

ಆದರೆ ಕಪ್ಪು-ಬಿಳುಪನ್ನು ಹೊಗಳುವಾಗಲೂ ಎಚ್ಚರ ಬೇಕು. ಇಂದು ಅದು ಮೊಬೈಲಿನ ಒಂದು ಗುಂಡಿ. ಹೆಗ್ಗಡದೇವನಕೋಟೆಯ ಕಡೆ ಕಬಿನಿಯ ಹಿನ್ನೀರಿನ ಆಸುಪಾಸಿಗೆ ಬರುವ ಪ್ರವಾಸಿಗರು ಆನೆ, ಹುಲಿಗಳನ್ನು ಬಣ್ಣದಲ್ಲಿ ತೆಗೆಯುತ್ತಾರೆ, ಹಾಡಿಯ ಜೇನುಕುರುಬರ ಮಕ್ಕಳನ್ನು ಕಪ್ಪು-ಬಿಳುಪಿನಲ್ಲಿ ತೆಗೆಯುತ್ತಾರೆ. ಏಕೆಂದು ಕೇಳಿದರೆ ‘ಕಲಾತ್ಮಕ’ ಎಂಬ ಉತ್ತರ. ಬೈಲುಕುಪ್ಪೆಯ ಟಿಬೆಟನ್ ಮಠಗಳ ಪುಟ್ಟ ಭಿಕ್ಷುಗಳು ಚೆಂಡಾಡುವಾಗಲೂ ಇದೇ ಕಥೆ, ಹತ್ತು ಕ್ಯಾಮೆರಾಗಳು ಅವರ ಮೇಲೆ. ಹಾಡಿಯ ಮಗುವಿನ ಹೆಸರನ್ನು ಯಾರೂ ಕೇಳುವುದಿಲ್ಲ, ತಾಯಿಯ ಒಪ್ಪಿಗೆ ಪಡೆಯುವುದಿಲ್ಲ, ಒಂದು ಪ್ರತಿಯನ್ನು ಹಿಂದಿರುಗಿ ಕಳುಹಿಸುವುದಿಲ್ಲ. ಬಡತನಕ್ಕೆ ಹಳೆಯ ಕಾಲದ ಮೆರುಗು ಹಚ್ಚಿ ಅದನ್ನು ಸುಂದರವಾಗಿಸುವುದು ಒಂದು ಬಗೆಯ ಕಳವು.

ಹಾಗಾದರೆ ಕೇಳದೆ ತೆಗೆದ ಚಿತ್ರವೆಲ್ಲ ತಪ್ಪೇ? ಪ್ರಶ್ನೆ ಸುಲಭದ್ದಲ್ಲ. ಸತ್ಯನ್ ತೀರಿಕೊಂಡ 2009ರಲ್ಲಿಯೇ ಮರಣಹೊಂದಿದ ಹೆಲನ್ ಲೆವಿಟ್ ಎಂಬ ಮಹಿಳೆ ನ್ಯೂಯಾರ್ಕಿನ ಬಡ ಬೀದಿಗಳಲ್ಲಿ ಆಡುವ ಮಕ್ಕಳನ್ನು 1930ರ ದಶಕದ ಕೊನೆಯಿಂದ ಚಿತ್ರಿಸಿದವರು. ಮಕ್ಕಳು ಸೀಮೆಸುಣ್ಣದಿಂದ ನೆಲದ ಮೇಲೆ ಬರೆದ ಚಿತ್ರಗಳನ್ನೂ ಬಿಡದೆ ಸಂಗ್ರಹಿಸಿದರು. ತಾನು ಎತ್ತ ನೋಡುತ್ತಿದ್ದೇನೆಂದು ಮಕ್ಕಳಿಗೆ ತಿಳಿಯದಿರಲೆಂದು ಆಕೆ ಕ್ಯಾಮೆರಾಕ್ಕೆ ಬದಿಯ ನೋಟದ ಕಿಂಡಿಯೊಂದನ್ನು ಜೋಡಿಸಿಕೊಂಡಿದ್ದರು. ಕೇಳಿದೊಡನೆ ಆಟ ನಿಂತುಹೋಗುತ್ತದೆ, ಕೇಳದಿದ್ದರೆ ಮರ್ಯಾದೆ ತಪ್ಪುತ್ತದೆ. ನನಗೆ ತೋಚುವುದಿಷ್ಟು: ಆ ಬೀದಿಯಲ್ಲಿ ಪರಿಚಿತನಾದವನು ತೆಗೆದ ಚಿತ್ರಕ್ಕೂ ಬಸ್ಸಿಳಿದು ತೆಗೆದ ಚಿತ್ರಕ್ಕೂ ವ್ಯತ್ಯಾಸವಿದೆ. ನಮ್ಮ ಸೋದರಮಾವ ಯಾರನ್ನೂ ಕೇಳಿರಲಾರ, ಆದರೆ ಆ ಏಳೆಂಟು ಹುಡುಗರಿಗೂ ಆತ ಮಾವನೇ ಆಗಿದ್ದ.

ಈಗ ನಮ್ಮ ಮನೆಗಳ ಕಡೆ ತಿರುಗೋಣ. ಹನ್ನೆರಡು ಚಿತ್ರಗಳ ಕಟ್ಟುಪಾಡು ಈಗಿಲ್ಲ. ಪ್ರತಿ ಮನೆಯಲ್ಲಿಯೂ ಮೊಬೈಲು, ಪ್ರತಿ ಮೊಬೈಲಿನಲ್ಲಿಯೂ ಸಾವಿರ ಚಿತ್ರ. ಇಷ್ಟಾದರೂ ಮಕ್ಕಳ ಆಟದ ಚಿತ್ರಗಳು ಹೆಚ್ಚಿದವೇ? ಮೊಬೈಲು ಎತ್ತಿದೊಡನೆ ಮೂರು ವರ್ಷದ ಕೂಸು ಆಟ ಬಿಟ್ಟು ಎರಡು ಬೆರಳೆತ್ತಿ ಹಲ್ಲು ಕಿರಿಯುತ್ತದೆ. ಅಂದಿನ ಸ್ಟುಡಿಯೋದ “ಅಲ್ಲಾಡಬೇಡ” ಹೋಗಿ, ಇಂದು “ಇನ್ನೊಂದು ಸಲ ಹಾಗೇ ಮಾಡು ಪುಟ್ಟಾ” ಬಂದಿದೆ. ಎರಡರಲ್ಲಿಯೂ ಮಗು ನಮ್ಮ ಮುಂದೆ ಅಭಿನಯಿಸುತ್ತಿದೆ. ಅದಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. ತೆಗೆಯಲು ಆಟವೇ ಕಡಿಮೆ.

ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಸೀಮೆಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಮುಂಗಾರು ಕಳೆಯುವ ಹೊತ್ತಿಗೆ ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ನಿಗೆ ಏರಿಸುವುದು, ಹಗಲಿರುಳು ಸೌದೆ ಹಾಕಿ ಬೇಯಿಸುವುದು. ಆ ತಿಂಗಳುಗಳಲ್ಲಿ ಮನೆಯ ಒಂದು ಕೈಯೂ ಸುಮ್ಮನಿರಲಾರದು, ಚಿಕ್ಕ ಕೈಗಳು ಸಹ. ಬಾಲಕಾರ್ಮಿಕ ಕಾಯಿದೆಯ 2016ರ ತಿದ್ದುಪಡಿ ಹದಿನಾಲ್ಕು ತುಂಬದ ಮಕ್ಕಳನ್ನು ಕೂಲಿಗೆ ಹಚ್ಚುವುದನ್ನು ನಿಷೇಧಿಸಿತು. ಶಾಲೆಯ ವೇಳೆಯಾದ ಮೇಲೆ ಸ್ವಂತ ಮನೆಯ ಅಪಾಯವಿಲ್ಲದ ಕಸುಬಿಗೆ ನೆರವಾಗುವುದಕ್ಕೆ ಅವಕಾಶ ಕೊಟ್ಟಿತು. ಶಾಲೆಯ ವೇಳೆಯಾದ ಮೇಲಿನ ಸಮಯವೆಂದರೆ ಯಾವುದು? ಅದೇ ಆಟದ ಸಮಯ! ಮಕ್ಕಳ ಹಕ್ಕುಗಳ ಕುರಿತ 1989ರ ವಿಶ್ವಸಂಸ್ಥೆಯ ಒಡಂಬಡಿಕೆಯ 31ನೆಯ ವಿಧಿ ಆಟವನ್ನೂ ವಿರಾಮವನ್ನೂ ಮಗುವಿನ ಹಕ್ಕೆಂದು ಹೇಳಿದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ಬೆಳೆಗಾರನ ಸಾಲ, ಹರಾಜು ಕಟ್ಟೆಯ ದರ, ಕೂಲಿಯಾಳಿನ ಅಭಾವ ಇವೆಲ್ಲ ನನಗೆ ತಿಳಿಯದವಲ್ಲ. ಸೊಪ್ಪು ಕಟ್ಟುವ ಜಗುಲಿಯಲ್ಲಿ ಕುಳಿತು ಉಪದೇಶ ಮಾಡುವುದು ಸುಲಭ. ಆದರೂ ದಿನಕ್ಕೆ ಒಂದು ತಾಸು ಎಂದು ಕೇಳುವ ಧೈರ್ಯ ಮಾಡುತ್ತೇನೆ.

ಕೃಷ್ಣರಾಜನಗರದ ನೀರಾವರಿ ಊರುಗಳಲ್ಲಿ, ಪಟ್ಟಣದ ಬಡಾವಣೆಗಳಲ್ಲಿ ಸೊಪ್ಪಿನ ಬದಲು ಟ್ಯೂಷನ್ನು. ಫಲ ಒಂದೇ.

ಹೆಣ್ಣುಮಕ್ಕಳ ಮಾತನ್ನು ಬಿಟ್ಟರೆ ಈ ಲೇಖನ ಅರ್ಧವೇ. ನನ್ನ ಮೇಜಿನ ಚಿತ್ರದ ಎಡಮೂಲೆಯಲ್ಲಿ, ಗಂಟೆಗೋಪುರದ ನೆರಳಿನಲ್ಲಿ, ಹತ್ತು ವರ್ಷದ ಹುಡುಗಿಯೊಬ್ಬಳು ಸೊಂಟದ ಮೇಲೆ ಕೂಸೊಂದನ್ನು ಹೊತ್ತು ನಿಂತಿದ್ದಾಳೆ. ಮೊದಲ ನಾಲ್ಕೈದು ದಿನ ನನಗೆ ಆಕೆ ಕಾಣಿಸಲೇ ಇಲ್ಲ. ಭೂತಗನ್ನಡಿ ಹಿಡಿದು ನೋಡಿದಾಗ ಕಂಡಳು. ಆಕೆಯ ಕಣ್ಣೂ ಆಕಾಶದಲ್ಲಿರುವ ಚಿನ್ನಿಯ ಮೇಲೆಯೇ ಇದೆ. ಹುಡುಗಿಯರಿಗೆ ಕುಂಟೆಬಿಲ್ಲೆ ಇತ್ತು, ಅಳಿಗುಳಿಮಣೆ ಇತ್ತು, ಕಲ್ಲಾಟ ಇತ್ತು ಎಂದು ನಾವು ಹೇಳಬಹುದು. ಇದ್ದವು, ಕೂಸು ನಿದ್ರೆಹೋದ ಮೇಲೆ.

ಇನ್ನು ನನ್ನ ನೆಮ್ಮದಿ ಕೆಟ್ಟ ಕಾರಣ. ಚಿತ್ರದಲ್ಲಿರುವ ಬಯಲು ಈಗಲೂ ಇದೆ, ಆದರೆ ಎರಡು ವರ್ಷಗಳಿಂದ ಸಂಜೆ ಅದರ ಗೇಟಿಗೆ ಬೀಗ. ಬೀಗ ಹಾಕಿಸಿದವನು ನಾನೇ. ಚೆಂಡು ತಗುಲಿ ಗಾಜು ಒಡೆಯಿತು, ಪ್ರಾರ್ಥನೆಯ ವೇಳೆಗೆ ಕೂಗಾಟ ಕೇಳಿಸಿತು, ಹಿರಿಯರು ದೂರಿದರು. ಕಳೆದ ವರ್ಷ ಪಾಲನಾ ಸಮಿತಿಯಲ್ಲಿ ಬಯಲಿಗೆಲ್ಲ ಇಂಟರ್‌ಲಾಕ್ ಟೈಲ್ಸ್ ಹಾಸಿ ವಾಹನ ನಿಲ್ಲಿಸಲು ಸ್ಥಳ ಮಾಡುವ ಠರಾವು ಬಂದಾಗ ಮೊದಲು ಸಹಿ ಹಾಕಿದವನೂ ನಾನೇ. ದಾನಿಗಳು ಸಿಕ್ಕಿದ್ದಾರೆ, ಅಂದಾಜು ಪಟ್ಟಿ ಸಿದ್ಧವಾಗಿದೆ. ಮಳೆಗಾಲದ ಕೆಸರು ತಪ್ಪುತ್ತದೆ, ಹಬ್ಬದ ದಿನ ಕಾರುಗಳಿಗೆ ಅನುಕೂಲವಾಗುತ್ತದೆ ಎಂಬುದೆಲ್ಲ ಸುಳ್ಳಲ್ಲ. ಮೊಣಕಾಲು ನೋವಿನ ಅಜ್ಜಿಯರು ಕೆಸರು ತುಳಿದು ಪೂಜೆಗೆ ಬರುವುದನ್ನು ನೋಡುವವನು ನಾನು. ಆದರೆ ಟೈಲ್ಸಿನ ಮೇಲೆ ಚಿನ್ನಿಗೆ ಗುಂಡಿ ತೋಡಲಾಗದು, ಗೋಲಿಗೆ ಕುಳಿ ಮಾಡಲಾಗದು, ಬಿದ್ದರೆ ಮಂಡಿ ಉಳಿಯದು. ನಮ್ಮೂರಿನ ಮಕ್ಕಳಿಗೆ ಬೇರೆ ಬಯಲಿಲ್ಲ. ಶಾಲೆಗೆ ಆಟದ ಮೈದಾನ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ದೇವಾಲಯಕ್ಕೆ ಇರಬೇಕೆಂದು ಯಾವ ಕಾಯಿದೆಯೂ ಹೇಳುವುದಿಲ್ಲ.

ಮುಂದಿನ ಭಾನುವಾರ ಎರಡನೆಯ ಪೂಜೆಯಾದ ಮೇಲೆ ಸಮಿತಿಯ ಸಭೆ ಇದೆ. ಗೇಟಿನಿಂದ ಬಾಗಿಲಿನವರೆಗಿನ ದಾರಿಗೆ ಮಾತ್ರ ಟೈಲ್ಸ್, ಉಳಿದ ಬಯಲು ಮಣ್ಣಾಗಿಯೇ ಇರಲಿ ಎಂದು ನಾನು ಸೂಚಿಸಲಿದ್ದೇನೆ. ಕಿಟಕಿಗಳಿಗೆ ತಂತಿಬಲೆ ಹಾಕಿಸಬಹುದು. ಅದರ ಖರ್ಚು ಟೈಲ್ಸಿನ ಖರ್ಚಿನ ಮುಂದೆ ಏನೂ ಅಲ್ಲ. ಒಮ್ಮೆ ಸಹಿ ಹಾಕಿ ಈಗ ಮಾತು ಬದಲಿಸುತ್ತಾರೆಂದು ಕೆಲವರು ಬೇಸರಪಡುವರು. ಅವರ ಬೇಸರ ನ್ಯಾಯವಾದುದೇ. ಬೀಗದ ಕೈ ಮಾತ್ರ ಇಂದಿನಿಂದಲೇ ಸಂಜೆ ನಾಲ್ಕೂವರೆಯಿಂದ ಉಪದೇಶಿಗಳ ಹತ್ತಿರ ಇರುತ್ತದೆ.

ವಾಚಕರಲ್ಲಿ ಒಂದು ವಿನಂತಿ. ನಿಮ್ಮ ಮನೆಗಳಲ್ಲಿ ಮಕ್ಕಳು ಆಡುತ್ತಿರುವ ಹಳೆಯ ಚಿತ್ರಗಳಿದ್ದರೆ ಜೋಪಾನ ಮಾಡಿರಿ. ಅಂಟಿನ ಹಾಳೆಯ ಪ್ಲಾಸ್ಟಿಕ್ ಆಲ್ಬಮ್ಮಿನಲ್ಲಿ ಅವು ಹಳದಿಗಟ್ಟುತ್ತವೆ. ಲ್ಯಾಮಿನೇಷನ್ ಮಾಡಿಸಿದರೆ ಹಿಂದಿರುಗಿ ಬಿಡಿಸಲಾಗದು. ಶುಭ್ರವಾದ ಕಾಗದದ ಲಕೋಟೆಯಲ್ಲಿ, ತೇವ ತಾಗದ ಕಡೆ ಇಡಿರಿ. ನೆಗೆಟಿವ್ ಇದ್ದರೆ ಕಸವೆಂದು ಎಸೆಯಬೇಡಿರಿ. ಪ್ರತಿ ಹಾಳಾದರೂ ಅದರಿಂದ ಇನ್ನೊಂದನ್ನು ಮಾಡಿಸಬಹುದು. ಚಿತ್ರದ ಬೆನ್ನಿಗೆ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ, ಊರು, ವರ್ಷ, ಹೆಸರುಗಳನ್ನು ಬರೆಯಿರಿ. ಬಾಲ್ ಪೆನ್ನು ಬೇಡ. ಹೇಳಬಲ್ಲ ಅಜ್ಜ-ಅಜ್ಜಿಯರು ಇರುವಾಗಲೇ ಕೇಳಿ ಬರೆಯಿರಿ.

ನನ್ನ ಬಳಿ ಇರುವ ಚಿತ್ರದ ಪ್ರತಿಯೊಂದನ್ನು ಮಾಡಿಸಿಕೊಂಡು ಮೂಲವನ್ನು ಈ ವಾರ ಆ ಮನೆಗೆ ಹಿಂದಿರುಗಿಸುತ್ತೇನೆ. ಊರಿನ ಇಬ್ಬರು ವೃದ್ಧರಿಗೆ ತೋರಿಸಿ ಐದು ಹುಡುಗರ ಹೆಸರುಗಳನ್ನು ಬರೆದುಕೊಂಡಿದ್ದೇನೆ. ಮೊನ್ನೆ ತೀರಿಕೊಂಡವರು ಯಾರೆಂಬುದರಲ್ಲಿ ಅವರಿಬ್ಬರಿಗೂ ಒಮ್ಮತವಿಲ್ಲ. ಒಬ್ಬರು ದಾಂಡು ಹಿಡಿದವನೆಂದರು, ಇನ್ನೊಬ್ಬರು ಕ್ಯಾಮೆರಾಕ್ಕೆ ಬೆನ್ನು ಹಾಕಿ ಓಡುತ್ತಿರುವವನೆಂದರು. ಕೂಸು ಹೊತ್ತ ಹುಡುಗಿ ಯಾರೆಂದು ಇಬ್ಬರಿಗೂ ಗೊತ್ತಾಗಲಿಲ್ಲ.